ಅರಮನೆಯ ಬ್ಯಾಂಡಿನಿಂದ ಜಾಝ್-ರಾಕ್ ತಟ್ಟೆಯವರೆಗೆ

ಮೈಸೂರಿಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಊರನ್ನು ಕಣ್ಣಿನಿಂದಲೇ ಮುಗಿಸಿಬಿಡುತ್ತಾರೆ. ಬೆಳಿಗ್ಗೆ ಚಾಮುಂಡಿ ಬೆಟ್ಟ, ಇಳಿಯುವಾಗ ನಂದಿ, ಮಧ್ಯಾಹ್ನ ಮೃಗಾಲಯ, ಸಂಜೆ ಬೃಂದಾವನದ ಕಾರಂಜಿ. ಹೊರಡುವ ಹೊತ್ತಿಗೆ ಕೈಯಲ್ಲೊಂದು ಮೈಸೂರುಪಾಕಿನ ಪೊಟ್ಟಣ, ಚೀಲದಲ್ಲಿ ನಾಲ್ಕು ಗಂಧದ ಸಾಬೂನು. ಈ ಊರಿಗೆ ಒಂದು ಕಿವಿಯೂ ಇದೆ, ಆ ಕಿವಿಗೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ ಎಂಬುದು ಬಹುಮಂದಿಗೆ ಹೊಳೆಯುವುದಿಲ್ಲ. ದಸರೆಯ ಒಂದು ಸಂಜೆ, ಲಕ್ಷಕ್ಕೆ ಸಮೀಪದ ದೀಪಗಳು ಒಮ್ಮೆಗೇ ಬೆಳಗಿ ಜನಸ್ತೋಮ ‘ಹೋ’ ಎಂದು ಉದ್ಗರಿಸುವ ಗಳಿಗೆಯಲ್ಲಿ, ಅರಮನೆಯ ಅಂಗಳದಿಂದ ಕೇಳಿಬರುವ ಪೋಲೀಸು ವಾದ್ಯವೃಂದದ ಕಡೆಗೆ ಗಮನ ಹರಿಸುವವರು ಎಷ್ಟು ಮಂದಿ? ಕಹಳೆಯ ಜಾತಿಗೆ ಸೇರಿದ ಹಿತ್ತಾಳೆಯ ವಾದ್ಯಗಳು ಮೊಳಗುತ್ತಿರುತ್ತವೆ. ಅವುಗಳ ನಡುವೆ ಕ್ಲಾರಿಯೊನೆಟ್ಟಿನಲ್ಲೋ ಸ್ಯಾಕ್ಸೊಫೋನಿನಲ್ಲೋ ತ್ಯಾಗರಾಜರ ಕೀರ್ತನೆಯೊಂದರ ಪಲ್ಲವಿ ಹಾಯುತ್ತಿರುತ್ತದೆ. ಪಾಶ್ಚಾತ್ಯ ದೇಶಗಳ ಪ್ರೇಕ್ಷಕರು ಇದನ್ನು ಕೇಳಿ ಬೆರಗಾಗುವುದುಂಟು. ಮೈಸೂರಿನವರಿಗೆ ಅದು ಹೊಸದೇನೂ ಅಲ್ಲ.

ಕೂಡಿಕೆಯ ಕಲೆ ಈ ಊರಿನ ಕಲ್ಲಿನಲ್ಲಿಯೇ ಇದೆ. ಹಳೆಯ ಮರದ ಅರಮನೆ 1897ರಲ್ಲಿ ಮದುವೆಯ ಸಂಭ್ರಮದ ನಡುವೆ ಬೆಂಕಿಗೆ ಆಹುತಿಯಾದ ಮೇಲೆ, ಹೆನ್ರಿ ಇರ್ವಿನ್ ಎಂಬ ಆಂಗ್ಲ ಶಿಲ್ಪಿ ರೂಪಿಸಿ 1912ರಲ್ಲಿ ಮುಗಿದ ಈಗಿನ ಕಟ್ಟಡದಲ್ಲಿ ಹಿಂದೂ, ಮುಸಲ್ಮಾನ, ರಜಪೂತ, ಗಾಥಿಕ್ ಶೈಲಿಗಳು ಒಂದರ ಪಕ್ಕದಲ್ಲೊಂದು ನಿಂತಿವೆ. ಕಲ್ಯಾಣಮಂಟಪದ ಎರಕದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಿಂದ ಹಡಗೇರಿ ಬಂದವು. ಮೇಲಣ ಬಣ್ಣದ ಗಾಜಿನಲ್ಲಿ ಅರಳಿರುವುದು ನಮ್ಮ ನವಿಲು. ಇದನ್ನು ಯಾರೂ ‘ಕಲಬೆರಕೆ’ ಎನ್ನುವುದಿಲ್ಲ; ‘ಭವ್ಯ’ ಎನ್ನುತ್ತಾರೆ. ಸಂಗೀತದ ವಿಷಯ ಬಂದಾಗ ಮಾತ್ರ ಅದೇ ಬಾಯಿ ಬೇರೆ ಮಾತನ್ನಾಡುತ್ತದೆ.

ಅರಮನೆಯಲ್ಲಿ ಎರಡು ಬ್ಯಾಂಡುಗಳಿದ್ದವು: ಒಂದು ಇಂಗ್ಲಿಷ್ ಬ್ಯಾಂಡು, ಇನ್ನೊಂದು ಕರ್ಣಾಟಕ ಬ್ಯಾಂಡು. ಮೊದಲನೆಯದು ಯುರೋಪಿನ ಮೆರವಣಿಗೆಯ ನಡೆಗಳನ್ನೂ ನೃತ್ಯದ ಮಟ್ಟುಗಳನ್ನೂ ನುಡಿಸುತ್ತಿತ್ತು. ಎರಡನೆಯದು ನಮ್ಮ ರಾಗತಾಳಗಳನ್ನು ಪರದೇಶದ ವಾದ್ಯಗಳ ಬಾಯಲ್ಲಿ ಹೇಳಿಸುತ್ತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಇದರಲ್ಲಿ ಅಪಾರ ಆಸಕ್ತಿ. ಆಟೋ ಶ್ಮಿಟ್ ಎಂಬ ಜರ್ಮನ್ ಸಂಗೀತಗಾರ ಅರಮನೆಯ ವಾದ್ಯವೃಂದದ ನಿರ್ದೇಶಕನಾಗಿದ್ದ. ವೀಣೆ ಶೇಷಣ್ಣನವರಂಥ ಮಹಾವೈಣಿಕರು ಪಿಯಾನೋವಿನ ಮೇಲೂ ಬೆರಳಾಡಿಸಬಲ್ಲವರಾಗಿದ್ದರು. ವೀಣೆ ವೆಂಕಟಗಿರಿಯಪ್ಪನವರು ಪ್ರಭುಗಳ ಅಪೇಕ್ಷೆಯಂತೆ ‘ನಗ್ಮಾ’ಗಳೆಂಬ ಹೊಸ ಬಗೆಯ ವಾದ್ಯರಚನೆಗಳನ್ನೇ ಮಾಡಿದರು. ಸಂಸ್ಥಾನದ ನಾಡಗೀತೆಯಾಗಿದ್ದ ‘ಕಾಯೌ ಶ್ರೀ ಗೌರಿ’ಯನ್ನು ಬಸವಪ್ಪಶಾಸ್ತ್ರಿಗಳು ಬರೆದದ್ದು ದೇವಿಯ ಪ್ರಾರ್ಥನೆಯಾಗಿ, ಅದನ್ನು ಬ್ಯಾಂಡಿಗೆ ಒಗ್ಗುವಂತೆ ನುಡಿಸುತ್ತಿದ್ದದ್ದು ಶಂಕರಾಭರಣದಲ್ಲಿ. ಶಂಕರಾಭರಣದ ಸ್ವರಗಳು ಯುರೋಪಿನವರ ‘ಮೇಜರ್’ ಶ್ರೇಣಿಯ ಸ್ವರಗಳೇ ಆಗಿರುವುದರಿಂದ ಆ ಬಾಗಿಲು ಎರಡೂ ಮನೆಗಳಿಗೆ ತೆರೆಯುತ್ತದೆ.

ಆದರೆ ಎಲ್ಲ ರಾಗಗಳೂ ಶಂಕರಾಭರಣದಷ್ಟು ಸುಲಭವಾಗಿ ಬಾಗಿಲು ತೆರೆಯುವುದಿಲ್ಲ. ತೋಡಿಯ ಗಾಂಧಾರ ನಿಂತಲ್ಲಿ ನಿಲ್ಲದು. ತೂಗುತ್ತದೆ, ಜಾರುತ್ತದೆ, ನಡುಗುತ್ತದೆ. ಹಿತ್ತಾಳೆಯ ವಾದ್ಯದ ಗುಂಡಿಯೊತ್ತಿ ಆ ತೂಗಾಟವನ್ನು ತರುವುದು ಹೇಗೆ? ಹತ್ತು ಮಂದಿ ಒಟ್ಟಿಗೆ ನುಡಿಸುವಾಗ ಒಬ್ಬನ ಮನೋಧರ್ಮಕ್ಕೆ ಎಡೆಯೆಲ್ಲಿ? ಈ ಪ್ರಶ್ನೆಗಳು ಹಠಮಾರಿಗಳ ಪ್ರಶ್ನೆಗಳಲ್ಲ; ಸಂಗೀತದ ಒಳಗುಟ್ಟನ್ನು ಬಲ್ಲವರು ಕೇಳಲೇಬೇಕಾದವು. ಒಂದು ವಾದ್ಯ ಎಲ್ಲಿಂದ ಬಂದಿತೆಂಬುದಕ್ಕಿಂತ, ಬಂದಮೇಲೆ ಅದು ರಾಗಕ್ಕೆ ಬಾಗಿತೋ ಅಥವಾ ರಾಗವೇ ಅದಕ್ಕೆ ಬಾಗಬೇಕಾಯಿತೋ ಎಂಬುದೇ ಮುಖ್ಯ. ಪಿಟೀಲು ಬಾಗಿತು, ಗೆದ್ದಿತು. ಅದು ಪರದೇಶದ್ದೆಂಬುದನ್ನೇ ಈಗ ಜನ ಮರೆತಿದ್ದಾರೆ. ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ ಟಿ. ಚೌಡಯ್ಯನವರು ಅದಕ್ಕೆ ಮೂರು ತಂತಿಗಳನ್ನು ಹೆಚ್ಚಾಗಿ ಬಿಗಿದು ಏಳು ತಂತಿಯ ಪಿಟೀಲನ್ನು ನುಡಿಸಿ ನಾಡನ್ನೇ ಗೆದ್ದರು; ಆದರೂ ಅವರ ನಂತರ ಅದನ್ನು ಕೈಗೆತ್ತಿಕೊಂಡವರು ಬೆರಳೆಣಿಕೆಯಷ್ಟು ಮಂದಿ ಮಾತ್ರ. ಹಾರ್ಮೋನಿಯಮ್ಮಿನ ಪಾಡು ಇನ್ನೊಂದು. ಗಮಕಕ್ಕೆ ಒಗ್ಗದೆಂಬ ಕಾರಣದಿಂದ 1940ರಲ್ಲಿ ಅಖಿಲ ಭಾರತ ರೇಡಿಯೋ ಅದನ್ನು ಹೊರಗಟ್ಟಿತು. ಮತ್ತೆ ಒಳಗೆ ಬರಲು ಪಾಪ, ಅದು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಬಾಗಿಲಲ್ಲಿ ಕಾಯಬೇಕಾಯಿತು.

ರೇಡಿಯೋ ಎಂದಾಗ ಒಂಟಿಕೊಪ್ಪಲಿನ ಕಡೆಗೊಮ್ಮೆ ಹೋಗಿಬರಬೇಕು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ‘ವಿಠ್ಠಲ ವಿಹಾರ’ವೆಂಬ ಮನೆಯಲ್ಲಿಯೇ ಒಂದು ಪುಟ್ಟ ಪ್ರಸಾರಯಂತ್ರವನ್ನಿಟ್ಟು ಬಾನುಲಿ ಕೇಂದ್ರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶಕ್ಕೆಲ್ಲ ಹಬ್ಬಿದ್ದು ಇಲ್ಲಿಂದಲೇ. ಒಬ್ಬ ಮೇಷ್ಟರು ತಮ್ಮ ಮನೆಯಿಂದ ಊರಿಗೆಲ್ಲ ಸಂಗೀತ ಕೇಳಿಸಿದರೆಂಬುದನ್ನು ನೆನೆದರೆ ಇಂದಿಗೂ ಸೋಜಿಗವಾಗುತ್ತದೆ. ಅಲ್ಲಿಯವರೆಗೆ ಕಛೇರಿ ಕೇಳಬೇಕೆಂದರೆ ಅರಮನೆಯ ಆಹ್ವಾನವಿರಬೇಕು, ಇಲ್ಲವೇ ರಾಮೋತ್ಸವ ಬರಬೇಕು, ಗಣೇಶೋತ್ಸವ ಬರಬೇಕು. ರೇಡಿಯೋ ಮತ್ತು ಗ್ರಾಮಫೋನು ಸೇರಿ ಕೇಳುಗನನ್ನು ಆ ಕಟ್ಟಿನಿಂದ ಬಿಡಿಸಿದವು. ಕೇಳುಗನಿಗೆ ಮೊದಲಬಾರಿಗೆ ಒಂದು ಹೊಸ ಸ್ವಾತಂತ್ರ್ಯ ದೊರೆಯಿತು: ಅದೇ ತಟ್ಟೆಯನ್ನು ಮತ್ತೆ ಹಾಕಿ, ನೆನ್ನೆಯ ತನ್ನ ಅಭಿಪ್ರಾಯವನ್ನು ಇಂದು ತಾನೇ ತಿದ್ದಿಕೊಳ್ಳುವ ಸ್ವಾತಂತ್ರ್ಯ.

ಆ ಸ್ವಾತಂತ್ರ್ಯವನ್ನು ರಾಜವೈಭವದಿಂದ ಅನುಭವಿಸಿದವರು ಜಯಚಾಮರಾಜ ಒಡೆಯರು. 1919ರಲ್ಲಿ ಹುಟ್ಟಿದ ಅವರು ಪಿಯಾನೋವಾದಕರಾಗಬೇಕೆಂಬ ಹಂಬಲವುಳ್ಳ ತರುಣ. 1940ರಲ್ಲಿ ತಂದೆಯೂ ದೊಡ್ಡಪ್ಪಂದಿರೂ ಒಂದೇ ವರ್ಷದಲ್ಲಿ ತೀರಿಕೊಂಡು ಸಿಂಹಾಸನ ಅವರ ಪಾಲಿಗೆ ಬಂದಿತು, ಪಿಯಾನೋ ಹಿಂದೆ ಉಳಿಯಿತು. ಆದರೆ ಕಿವಿ ಉಳಿಯಿತಲ್ಲ! ಲಂಡನ್ನಿನ ಗ್ರಾಮಫೋನ್ ಕಂಪೆನಿಯ ವಾಲ್ಟರ್ ಲೆಗ್ ಎಂಬಾತ ಮೈಸೂರಿಗೆ ಬಂದಾಗ, ಇಲ್ಲಿನ ತಟ್ಟೆಗಳ ಸಂಗ್ರಹವನ್ನೂ ಬಗೆಬಗೆಯ ಧ್ವನಿವರ್ಧಕಗಳನ್ನೂ ಕಂಡು ದಂಗಾದನಂತೆ. ಯುರೋಪಿನ ರಸಿಕರೇ ಮರೆತಿದ್ದ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ವಾಗ್ಗೇಯಕಾರ ಆಗ ಲಂಡನ್ನಿನಲ್ಲಿ ಬಡತನದಲ್ಲಿ ದಿನ ನೂಕುತ್ತಿದ್ದ. ‘ಹಳೆಯ ಕಾಲದವನು’ ಎಂಬುದು ಅವನ ಬಗ್ಗೆ ವಿಮರ್ಶಕರ ತೀರ್ಪು. ಮೈಸೂರಿನ ಕೇಳುಗ ಆ ತೀರ್ಪನ್ನು ಒಪ್ಪಲಿಲ್ಲ. ಒಡೆಯರ ಧನಸಹಾಯದಿಂದ 1940ರ ದಶಕದ ಕೊನೆಯ ವರ್ಷಗಳಲ್ಲಿ ಮೆಟ್ನರನ ಕೃತಿಗಳು ಅವನ ಕೈಯಿಂದಲೇ ಧ್ವನಿಮುದ್ರಿತವಾದವು. ಕೃತಜ್ಞನಾದ ಆತ ತನ್ನ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. ಅವನು 1951ರಲ್ಲಿ ತೀರಿಕೊಂಡು ಹಲವು ದಶಕಗಳು ಕಳೆದಮೇಲೆ ಯುರೋಪು ಅಮೆರಿಕಗಳ ಪಿಯಾನೋವಾದಕರು ಆ ಕೃತಿಗಳನ್ನು ಮತ್ತೆ ಹುಡುಕಿ ನುಡಿಸತೊಡಗಿದರು. ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಸಭಾಂಗಣದಲ್ಲಿ ಮೊದಲಬಾರಿಗೆ ಹಾಡಲ್ಪಟ್ಟಾಗಲೂ ಖರ್ಚಿನ ಹೊಣೆ ಹೊತ್ತವರು ಒಡೆಯರೇ. ಅಂದಿನ ಧ್ವನಿಮುದ್ರಣ ಉಳಿದಿರುವುದಕ್ಕೆ ದೂರದ ಮೈಸೂರಿನಲ್ಲಿ ಅದಕ್ಕಾಗಿ ಕಾದಿದ್ದ ಈ ಒಬ್ಬ ಕೇಳುಗನ ಅಪೇಕ್ಷೆಯೇ ಕಾರಣವಾಯಿತು.

ಇದೇ ಕೇಳುಗ, ಮೈಸೂರು ವಾಸುದೇವಾಚಾರ್ಯರ ಬಳಿ ಕುಳಿತು ಕರ್ಣಾಟಕ ಸಂಗೀತವನ್ನು ಅಭ್ಯಾಸಮಾಡಿ, ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಅವುಗಳಲ್ಲಿ ಪಿಯಾನೋವಿನ ನೆರಳೂ ಇಲ್ಲ. ಎರಡು ಸಂಗೀತಗಳನ್ನೂ ಅಷ್ಟು ಪ್ರೀತಿಸಿದವರು ಅವನ್ನು ಬೆರೆಸಲು ಹೋಗಲಿಲ್ಲವೆಂಬುದು ವಿಚಾರಮಾಡತಕ್ಕ ಸಂಗತಿ. ಬಹುಶಃ ಒಂದೊಂದನ್ನೂ ಅದರದರ ಮನೆಯಲ್ಲಿಯೇ ಕಾಣುವ ಶ್ರೀಮಂತಿಕೆ ಅವರಿಗಿತ್ತು. ಬೆರೆಸುವ ಕೆಲಸ ಬೇರೊಬ್ಬರ ಪಾಲಿಗೆ ಬಂದಿತು. ಅದೂ ಅರಮನೆಯ ಅದೇ ಬ್ಯಾಂಡಿನ ಮೂಲಕ.

ದಕ್ಷಿಣ ಕನ್ನಡದ ಸಜಿಪಮೂಡ ಗ್ರಾಮದಲ್ಲಿ 1949ರಲ್ಲಿ ಹುಟ್ಟಿದ ಬಾಲಕನೊಬ್ಬ, ನಾಗಸ್ವರ ವಿದ್ವಾಂಸರಾದ ತನಿಯಪ್ಪನವರ ಮಗ, ಮೈಸೂರಿಗೆ ಬಂದಾಗ ಅರಮನೆಯ ವಾದ್ಯಮೇಳದಲ್ಲಿ ಬಾಗಿದ ಕೊರಳಿನ ಹೊಂಬಣ್ಣದ ವಾದ್ಯವೊಂದನ್ನು ಕಂಡ. ಅದರ ನಾದ ಅವನನ್ನು ಹಿಡಿದುಬಿಟ್ಟಿತು. ಬೆಲ್ಜಿಯಮ್ಮಿನ ಆಡಾಲ್ಫ್ ಸ್ಯಾಕ್ಸ್ ಎಂಬಾತ 19ನೆಯ ಶತಮಾನದಲ್ಲಿ ಸೈನ್ಯದ ಬ್ಯಾಂಡುಗಳಿಗಾಗಿಯೇ ಎಂಬಂತೆ ರೂಪಿಸಿದ, ಅಮೆರಿಕದ ನೀಗ್ರೋ ಸಂಗೀತಗಾರರು ಜಾಝಿನ ಪ್ರಾಣವನ್ನಾಗಿ ಮಾಡಿಕೊಂಡ ಆ ಸ್ಯಾಕ್ಸೊಫೋನನ್ನು ಕರ್ಣಾಟಕ ಸಂಗೀತಕ್ಕೆ ಒಗ್ಗಿಸಲು ಅವನಿಗೆ ಸುಮಾರು ಇಪ್ಪತ್ತು ವರ್ಷಗಳ ಸಾಧನೆ ಬೇಕಾಯಿತು. ಮಂಗಳೂರಿನಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಮುಂದೆ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿ ಶಿಕ್ಷಣ. ಗುಂಡಿಗಳಿಂದ ಬಾರದ ಗಮಕವನ್ನು ತುಟಿಯ ಬಿಗಿಯಿಂದ, ಉಸಿರಿನ ಹಿಡಿತದಿಂದ, ಬೆರಳಿನ ಅರೆಯೊತ್ತಿನಿಂದ ಹೊರಡಿಸಬೇಕು. ವಾದ್ಯ ರಾಗಕ್ಕೆ ಬಾಗಿತು. ಆ ಬಾಲಕನೇ ಕದ್ರಿ ಗೋಪಾಲನಾಥರೆಂದು ಓದುಗರು ಈಗಾಗಲೇ ಊಹಿಸಿರಬಹುದು.

ಗೋಪಾಲನಾಥರು ಮಂಗಳೂರು ಮದರಾಸುಗಳಲ್ಲಿ ಬೆವರು ಹರಿಸುತ್ತಿದ್ದ ಆ ವರ್ಷಗಳಲ್ಲಿಯೇ ಸಮುದ್ರದಾಚೆ ಜಾಝಿನ ಮನೆಯಲ್ಲಿ ದೊಡ್ಡ ಜಗಳವೊಂದು ಎದ್ದಿತ್ತು. ಮೈಲ್ಸ್ ಡೇವಿಸ್ ಎಂಬ ತುತ್ತೂರಿಗಾರ 1970ರಲ್ಲಿ ‘ಬಿಚಸ್ ಬ್ರೂ’ ಎಂಬ ಜೋಡಿತಟ್ಟೆಯನ್ನು ಹೊರತಂದ. ವಿದ್ಯುತ್ ಗಿಟಾರು, ವಿದ್ಯುತ್ ಪಿಯಾನೋ, ಒಬ್ಬರಿಗಿಂತ ಹೆಚ್ಚು ಡೋಲುಗಾರರು, ಗುಹೆಯೊಳಗಿಂದ ಬಂದಂತಹ ಪ್ರತಿಧ್ವನಿ. ಶೀರ್ಷಿಕೆಯ ಕೃತಿಯೊಂದೇ 26 ನಿಮಿಷಗಳಿಗೂ ಹೆಚ್ಚು. ಜಾಝಿನ ಬಿಡಿಸಿ ನುಡಿಸುವ ಮನೋಧರ್ಮವನ್ನೂ ರಾಕ್ ಸಂಗೀತದ ಅಬ್ಬರವನ್ನೂ ಕೂಡಿಸಿದ ಈ ಬಗೆಗೆ ಜಾಝ್-ರಾಕ್ ಎಂದು ಹೆಸರಾಯಿತು. ಅದರ ಜೊತೆಗೆ ಆ ಕಾಲದ ‘ಸೈಕಡೆಲಿಕ್’ ಗೀಳು, ಎಂದರೆ ಮನಸ್ಸಿನ ಎಲ್ಲೆಕಟ್ಟುಗಳನ್ನು ನಾದದಿಂದ ಸಡಿಲಿಸುವೆವೆಂಬ ಹಂಬಲವೂ ಸೇರಿತು. ಆ ಹಂಬಲಕ್ಕೆ ಮಾದಕ ವಸ್ತುಗಳ ನಂಟಿದ್ದುದರಿಂದ ಗೃಹಸ್ಥರು ಹುಬ್ಬು ಗಂಟಿಕ್ಕಿದ್ದು ಸಹಜವೇ. ಹಳೆಯ ಜಾಝ್ ಪ್ರೇಮಿಗಳಂತೂ ಡೇವಿಸ್ ಹಣಕ್ಕಾಗಿ ತನ್ನ ಕಲೆಯನ್ನು ಮಾರಿಕೊಂಡನೆಂದರು. ತರುಣರು ಲಕ್ಷಗಟ್ಟಲೆ ತಟ್ಟೆಗಳನ್ನು ಕೊಂಡರು. ಎರಡು ವರ್ಷಗಳ ನಂತರ ಅವನು ಬಾದಲ್ ರಾಯ್ ಎಂಬ ತಬಲಾವಾದಕನನ್ನೂ ಸಿತಾರನ್ನೂ ಸೇರಿಸಿಕೊಂಡು ‘ಆನ್ ದಿ ಕಾರ್ನರ್’ ಎಂಬ ತಟ್ಟೆಯನ್ನು ತಂದಾಗ ವಿಮರ್ಶಕರು ಅದನ್ನು ಹಿಗ್ಗಾಮುಗ್ಗಾ ಹಳಿದರು; ದಶಕಗಳ ಮೇಲೆ ಅದೇ ತಟ್ಟೆ ಕಾಲಕ್ಕಿಂತ ಮುಂದಿದ್ದ ಕೃತಿಯೆಂದು ಹೊಗಳಿಸಿಕೊಂಡಿತು. ಮೆಟ್ನರನ ಕಥೆಯನ್ನೋದಿದವರಿಗೆ ಇದು ಅಪರಿಚಿತವೆನಿಸದು.

ಡೇವಿಸ್‌ನೊಡನೆ ನುಡಿಸಿದ ಜಾನ್ ಮೆಕ್‌ಲಾಫ್ಲಿನ್ ಎಂಬ ಇಂಗ್ಲಿಷ್ ಗಿಟಾರುವಾದಕ 1971ರಲ್ಲಿ ‘ಮಹಾವಿಷ್ಣು’ ಎಂಬ ಹೆಸರಿನ ತಂಡವನ್ನೇ ಕಟ್ಟಿದ. ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಡಾ. ಎಸ್. ರಾಮನಾಥನ್ ಅವರ ಬಳಿ ವೀಣೆ ಕಲಿತ. ಏಳು, ಒಂಬತ್ತು, ಹನ್ನೊಂದು ಎಣಿಕೆಗಳಲ್ಲಿ ಓಡುವ ಅವನ ರಚನೆಗಳು ಪಶ್ಚಿಮದ ಕೇಳುಗರಿಗೆ ಒಗಟಿನಂತಿದ್ದವು. ಮಿಶ್ರಛಾಪು ಖಂಡಛಾಪುಗಳನ್ನು ತೊಡೆಯ ಮೇಲೆ ತಟ್ಟುತ್ತ ಬೆಳೆದ ನಮ್ಮವರಿಗೆ ಏಳರ ಎಣಿಕೆಯಲ್ಲಿ ಒಗಟೇನಿದೆ? ಒಗಟಿದ್ದದ್ದು ಬೇರೆಡೆ, ಎಂದರೆ ಆ ಗದ್ದಲದಲ್ಲಿ, ಶ್ರುತಿ ಎಲ್ಲಿದೆಯೆಂದು ಹುಡುಕಬೇಕಾದ ಆ ವಿದ್ಯುತ್ ಗರ್ಜನೆಯಲ್ಲಿ.

ಆ ಗರ್ಜನೆಗೆ ಕನ್ನಡನಾಡಿನಿಂದಲೇ ಒಂದು ಉತ್ತರ ಹೋಯಿತು. ಮೈಸೂರಿನಿಂದ ರೈಲಿನಲ್ಲಿ ಮೂರು ಗಂಟೆಗಳ ದಾರಿಯಾದ ಬೆಂಗಳೂರಿನಲ್ಲಿ 1964ರಲ್ಲಿ ಕೆ. ರಾಘವೇಂದ್ರ ಅವರು ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಎಂಬ ತಾಳವಾದ್ಯ ವಿದ್ಯಾಲಯವನ್ನು ಸ್ಥಾಪಿಸಿದ್ದರು. ಮೃದಂಗವಿದ್ವಾಂಸ ಟಿ. ಎ. ಎಸ್. ಮಣಿ ಮತ್ತು ಗಾಯಕಿ ಆರ್. ಎ. ರಮಾಮಣಿ ದಂಪತಿಗಳು ಅದನ್ನು ಮುನ್ನಡೆಸಿದರು. ಇತ್ತ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಕ್ರಿಸ್ಟಿಯನ್ ಬುರ್ಖಾರ್ಡ್ ಎಂಬ ತರುಣ 1969ರಲ್ಲಿ ಕಟ್ಟಿದ ‘ಎಂಬ್ರಿಯೋ’ ಎಂಬ ತಂಡ, ಸೈಕಡೆಲಿಕ್ ಜಾಝ್-ರಾಕಿನಲ್ಲಿ ಹೆಸರು ಮಾಡಿತ್ತು. ಈ ಮಂದಿ 1978ರಲ್ಲಿ ವಾದ್ಯಗಳನ್ನೂ ಹೆಂಡಿರುಮಕ್ಕಳನ್ನೂ ಬಸ್ಸಿಗೆ ತುಂಬಿಕೊಂಡು ಇರಾನ್, ಅಫಘಾನಿಸ್ತಾನಗಳನ್ನು ಹಾದು ಭಾರತದವರೆಗೆ ನೆಲದ ದಾರಿಯಲ್ಲಿಯೇ ಬಂದರು. ದಾರಿಯುದ್ದಕ್ಕೂ ಆಯಾ ನಾಡಿನ ಸಂಗೀತಗಾರರೊಡನೆ ಕುಳಿತು ನುಡಿಸಿದರು. ಎಂಬ್ರಿಯೋ, ಬೆಂಗಳೂರಿನ ತಾಳವಾದ್ಯ ವಿದ್ಯಾಲಯ ಮತ್ತು ಅಮೆರಿಕದ ಸ್ಯಾಕ್ಸೊಫೋನ್‌ವಾದಕ ಚಾರ್ಲಿ ಮರಿಯಾನೋ ಸೇರಿ ನುಡಿಸಿದ ‘ಲೈಫ್’ ಎಂಬ ತಟ್ಟೆ 1980ರಲ್ಲಿ ಹೊರಬಂದಿತು. ಮರಿಯಾನೋ ಸಾಮಾನ್ಯನಲ್ಲ. ಮಲೇಷ್ಯದಲ್ಲಿದ್ದಾಗ ನಾಗಸ್ವರವನ್ನು ಕೇಳಿ ಮಾರುಹೋಗಿ, ಅದನ್ನು ಕಲಿತು ತನ್ನ ಕಛೇರಿಗಳಲ್ಲಿ ನುಡಿಸುತ್ತಿದ್ದವನು. ನಾಗಸ್ವರದ ಮನೆಯಿಂದ ಗೋಪಾಲನಾಥರು ಸ್ಯಾಕ್ಸೊಫೋನಿಗೆ ಹೋದರು; ಸ್ಯಾಕ್ಸೊಫೋನಿನ ಮನೆಯಿಂದ ಮರಿಯಾನೋ ನಾಗಸ್ವರಕ್ಕೆ ಬಂದ!

ಇಂಥ ತಟ್ಟೆಗಳ ಬಗ್ಗೆ ಕೇಳುಗರ ಅಭಿಪ್ರಾಯ ಒಂದೇ ಆಗಿರಲು ಸಾಧ್ಯವೆ? ರಾಕ್ ಪ್ರಿಯನಿಗೆ ಮೃದಂಗದ ನಯ ಸಪ್ಪೆಯೆನಿಸುತ್ತದೆ. ಗಿಟಾರು ಯಾವಾಗ ಸಿಡಿಯುವುದೆಂದು ಕಾಯುತ್ತಾನೆ. ಜಾಝ್ ರಸಿಕನು ಸ್ವರಮೇಳದ ಏರಿಳಿತವನ್ನು ಅರಸುತ್ತಾನೆ. ಒಂದೇ ಷಡ್ಜವನ್ನು ಹಿಡಿದು ನಿಂತ ಸಂಗೀತ ಅವನಿಗೆ ನಿಂತಲ್ಲೇ ನಿಂತಂತೆ ಕಾಣುತ್ತದೆ. ನಮ್ಮ ಕಛೇರಿಯ ಮುಂದಿನ ಸಾಲಿನಲ್ಲಿ ಕುಳಿತು ತಲೆದೂಗುವ ಹಿರಿಯರಾದರೋ, ‘ರಾಗ ಈಗ ತಾನೇ ಮೊಗ್ಗೊಡೆಯಿತು, ಅಷ್ಟರಲ್ಲಿ ಡೋಲಿನವನು ನುಗ್ಗಿಬಿಟ್ಟ’ ಎಂದು ಕೊರಗುತ್ತಾರೆ. ಮೂವರ ದೂರಿನಲ್ಲಿಯೂ ಸತ್ಯಾಂಶವಿದೆ. ಜಾಝ್-ರಾಕ್ ತಟ್ಟೆಗಳಲ್ಲಿ ಅನೇಕವು ಭಾರತೀಯ ವಾದ್ಯವನ್ನು ಊದುಬತ್ತಿಯ ಹೊಗೆಯಂತೆ ಬಳಸಿದವು; ವಾಸನೆಗಾಗಿ ಹಚ್ಚಿಟ್ಟದ್ದು, ಊಟಕ್ಕಲ್ಲ. ಸಿತಾರು ಎರಡು ಸಲ ‘ಝುಂ’ ಎಂದು ಮೀಟಿ ಮಾಯವಾದರೆ ಅದು ಮಿಲನವಲ್ಲ, ಅಲಂಕಾರ. ತಟ್ಟೆಯ ಹೊದಿಕೆಯ ಮೇಲೆ ಗಣಪತಿಯ ಚಿತ್ರವಿದ್ದ ಮಾತ್ರಕ್ಕೆ ಒಳಗೆ ಶಾರದೆ ನೆಲಸಿದ್ದಾಳೆಂದು ಹೇಳಲಾಗದು.

ಹೀಗಿರುವಾಗ ಅದೇ ವಿದ್ಯಾಲಯದವರು ಮರಿಯಾನೋವಿನೊಡನೆ ನುಡಿಸಿ 1983ರಲ್ಲಿ ಹೊರಬಂದ ‘ಜ್ಯೋತಿ’ ಬೇರೊಂದು ಜಾತಿಗೆ ಸೇರಿದ್ದು. ವಿದ್ಯುತ್ ಗಿಟಾರು ಇಲ್ಲ, ವಿಲಾಯತಿ ಡೋಲಿಲ್ಲ. ಮೃದಂಗ, ಘಟ, ಖಂಜೀರ, ಮೋರ್ಚಿಂಗು, ಕೊನ್ನಕ್ಕೋಲು. ಅವುಗಳ ನಡುವೆ ಒಬ್ಬ ಪರದೇಶೀಯನ ಸ್ಯಾಕ್ಸೊಫೋನು ಮತ್ತು ಕೊಳಲು. ತಟ್ಟೆ ಆರಂಭವಾಗುವುದೇ ರಮಾಮಣಿಯವರ ಕಂಠದಿಂದ. ಅತಿಥಿ ಹೊಸಿಲಲ್ಲಿ ಕಾದು, ಕರೆದ ಮೇಲೆ ಒಳಗೆ ಬಂದಂತೆ ಮರಿಯಾನೋ ಬರುತ್ತಾನೆ. ಹೊದಿಕೆಯ ಮೇಲೆ ಅವನ ಹೆಸರಿನ ಸಮಕ್ಕೆ ವಿದ್ಯಾಲಯದ ಹೆಸರೂ ಇದೆ. ಇದು ಸಣ್ಣ ವಿಷಯವಲ್ಲ. ಅದೇ ಕಾಲದಲ್ಲಿ ಎಷ್ಟೋ ತಟ್ಟೆಗಳಲ್ಲಿ ನಮ್ಮ ವಾದಕರ ಹೆಸರು ಸಣ್ಣಕ್ಷರಗಳ ಪಟ್ಟಿಯಲ್ಲಿ ಎಲ್ಲೋ ಮೂಲೆಯಲ್ಲಿರುತ್ತಿತ್ತು. ಅಬ್ಬರವನ್ನೇ ನಿರೀಕ್ಷಿಸಿದ ರಾಕ್ ಪ್ರಿಯನಿಗೆ ‘ಜ್ಯೋತಿ’ ನಿರಾಶೆ ತಂದೀತು. ಆದರೆ ತೋಡಿಯ ಗಾಂಧಾರವನ್ನು ಕುರಿತು ಅರಮನೆಯ ಬ್ಯಾಂಡಿಗೆ ಕೇಳಿದ ಪ್ರಶ್ನೆಯನ್ನೇ ಇದಕ್ಕೂ ಕೇಳಿದರೆ, ಉತ್ತರ ಸಮಾಧಾನಕರವಾಗಿಯೇ ಇದೆ.

ಆ ವರ್ಷಗಳಲ್ಲಿ ಮೈಸೂರಿನ ಬೀದಿಗಳೂ ಪಶ್ಚಿಮದ ತರುಣರನ್ನು ಕಾಣತೊಡಗಿದ್ದವು. ಲಕ್ಷ್ಮೀಪುರದಲ್ಲಿ ಕೆ. ಪಟ್ಟಾಭಿ ಜೋಯಿಸರ ಯೋಗಶಾಲೆಗೆ 1970ರ ದಶಕದಿಂದ ಅಮೆರಿಕ ಯುರೋಪುಗಳ ಹುಡುಗ ಹುಡುಗಿಯರು ಬಂದು, ಬಾಡಿಗೆಯ ಕೋಣೆಗಳಲ್ಲಿದ್ದು, ಮುಂಜಾನೆಯ ಕತ್ತಲಲ್ಲಿ ಎದ್ದು ಸೂರ್ಯನಮಸ್ಕಾರ ಕಲಿತರು. ಅವರು ತಮ್ಮ ಊರುಗಳಲ್ಲಿ ಕೇಳುತ್ತಿದ್ದ ತಟ್ಟೆಗಳಲ್ಲಿ ತಂಬೂರದ ಶ್ರುತಿಯಿತ್ತು. ಇಲ್ಲಿ ಪಕ್ಕದ ಮನೆಯ ಹುಡುಗಿ ಸಂಜೆಯ ಪಾಠಕ್ಕೆ ಅದೇ ತಂಬೂರವನ್ನು ಮೀಟುತ್ತಿದ್ದಳು. ಒಂದು ಕಡೆ ಅದು ಕನಸಿನ ನಾದ, ಇನ್ನೊಂದು ಕಡೆ ಸರಳೆವರಸೆ ತಪ್ಪಿದರೆ ಗದರಿಕೆ.

ಮೈಸೂರು ಮಾತ್ರ ಎರಡನ್ನೂ ತನ್ನ ರೂಢಿಯಂತೆ ಬೇರೆ ಬೇರೆ ಮನೆಗಳಲ್ಲಿಟ್ಟಿತು. ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರದಲ್ಲಿ ರಾಮಭಕ್ತಿ ಮತ್ತು ಕಛೇರಿ. ವಾಣಿವಿಲಾಸ ಮೊಹಲ್ಲದ ಎಂಟನೆಯ ಅಡ್ಡರಸ್ತೆಯ ಗಣೇಶೋತ್ಸವದಲ್ಲಿ 1962ರಿಂದ ವರ್ಷವರ್ಷವೂ ಬೀದಿಯ ಚಪ್ಪರದಡಿ ರಾತ್ರಿಯ ಕಛೇರಿ. ದಸರೆಯಲ್ಲಿ ಅರಮನೆಯ ವೇದಿಕೆಗೆ ವಿದ್ವಾಂಸರು, ಯುವ ದಸರೆಗೆ ಗಿಟಾರುಗಳು. ಒಂದೇ ಮನೆಯಿಂದ ತಾತ ಒಂದು ಕಡೆಗೂ ಮೊಮ್ಮಗಳು ಇನ್ನೊಂದು ಕಡೆಗೂ ಹೋಗಿ, ರಾತ್ರಿ ಊಟಕ್ಕೆ ಕುಳಿತಾಗ ಪರಸ್ಪರ ಅಣಕಿಸಿಕೊಳ್ಳುವುದು ಇಲ್ಲಿ ಅಪರೂಪದ ದೃಶ್ಯವಲ್ಲ. ಈ ಊರಿನಲ್ಲಿಯೇ ಬೆಳೆದು, ಭರತನಾಟ್ಯ ಕಲಿತು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಪದವಿ ಪಡೆದ ರಘು ದೀಕ್ಷಿತ್ ಶಿಶುನಾಳ ಷರೀಫರ ಪದಗಳನ್ನು ಗಿಟಾರಿಗೆ ಅಳವಡಿಸಿ ಹಾಡಿದಾಗಲೂ ಇದೇ ಚರ್ಚೆ ಮತ್ತೆ ನಡೆಯಿತು. ಷರೀಫರು ಸ್ವತಃ ಯಾವ ಕಟ್ಟಿಗೆ ಸಿಕ್ಕಿದವರೆಂದು ಯಾರೂ ಕೇಳಲಿಲ್ಲ!

ಕದ್ರಿ ಗೋಪಾಲನಾಥರ ಕಥೆ ಇನ್ನೂ ಮುಗಿದಿಲ್ಲ. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅವರು ನುಡಿಸುತ್ತಿದ್ದಾಗ ಸಭೆಯಲ್ಲಿದ್ದ ಜಾನ್ ಹ್ಯಾಂಡಿ ಎಂಬ ಅಮೆರಿಕದ ಪ್ರಸಿದ್ಧ ಸ್ಯಾಕ್ಸೊಫೋನ್‌ವಾದಕ ಕೇಳಿ ಚಕಿತನಾಗಿ, ತಾನೂ ವೇದಿಕೆಗೆ ಬಂದು ಜೊತೆಯಲ್ಲಿ ನುಡಿಸಲೇ ಎಂದು ಕೇಳಿಕೊಂಡ. ಹ್ಯಾಂಡಿ ಐದು ವರ್ಷಗಳ ಮುಂಚೆಯೇ ಅಲಿ ಅಕ್ಬರ್ ಖಾನರೊಡನೆ ‘ಕರುಣಾ ಸುಪ್ರೀಮ್’ ಎಂಬ ತಟ್ಟೆಯನ್ನು ನುಡಿಸಿದವನಾದುದರಿಂದ ರಾಗದ ಗಂಧ ಅವನಿಗೆ ಹೊಸದಲ್ಲ. ಆದರೆ ತನ್ನದೇ ವಾದ್ಯ, ತನಗೆ ಗೊತ್ತಿಲ್ಲದ ಭಾಷೆಯಲ್ಲಿ ತಡವರಿಸದೆ ಮಾತನಾಡುವುದನ್ನು ಅವನು ಎಂದೂ ಕೇಳಿರಲಿಲ್ಲ. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಸಭಾಂಗಣದ ಪ್ರಾಮ್ಸ್ ಸಂಗೀತೋತ್ಸವಕ್ಕೆ ಗೋಪಾಲನಾಥರಿಗೆ ಕರೆ ಬಂದಿತು. ಮೈಸೂರಿನ ಒಡೆಯರ ಹಣದಿಂದ ಸ್ಟ್ರಾಸನ ಗೀತೆಗಳು ಮೊಳಗಿದ ಅದೇ ಛಾವಣಿಯ ಕೆಳಗೆ, ನಲವತ್ತನಾಲ್ಕು ವರ್ಷಗಳ ತರುವಾಯ, ಮೈಸೂರರಮನೆಯ ಬ್ಯಾಂಡಿನಿಂದ ಹೊರಟ ಒಂದು ಹುಚ್ಚು ಕರ್ಣಾಟಕ ಸಂಗೀತವನ್ನು ನುಡಿಸಿತು.

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಬೆಳೆದ ಕನ್ನಡನಾಡಿನ ಮೂಲದ ಹುಡುಗನೊಬ್ಬ, ರುದ್ರೇಶ್ ಮಹಾಂತಪ್ಪ, ಜಾಝ್ ಸ್ಯಾಕ್ಸೊಫೋನನ್ನು ಅಭ್ಯಾಸ ಮಾಡುತ್ತಿದ್ದ. ಅವನ ಬಣ್ಣವನ್ನೂ ಹೆಸರನ್ನೂ ಕಂಡವರೆಲ್ಲ ಭಾರತೀಯ ಸಂಗೀತ ಅವನಿಗೆ ಹುಟ್ಟಿನಿಂದಲೇ ಬಂದಿರಬೇಕೆಂದು ಭಾವಿಸುತ್ತಿದ್ದರು. ಅವನಿಗಾದರೋ ಅದು ಹೆಚ್ಚಾಗಿ ತಿಳಿದಿರಲಿಲ್ಲ. ಒಂದು ದಿನ ಅವನ ಅಣ್ಣ ನಗೆಯಾಟಕ್ಕೆಂದು ಒಂದು ಉಡುಗೊರೆ ಕೊಟ್ಟ. ಹೊದಿಕೆಯ ಮೇಲೆ ‘ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್’ ಎಂಬ ಹೆಸರು, ನುಡಿಸಿದವರು ಕದ್ರಿ ಗೋಪಾಲನಾಥರು. ಇಂಥ ವಿಚಿತ್ರವೂ ಉಂಟೇ ಎಂಬ ತಮಾಷೆ ಅಣ್ಣನದು. ಕೇಳತೊಡಗಿದ 
ತಮ್ಮನಿಗೆ ನಗು ಬರಲಿಲ್ಲ. ತನ್ನ ಕೈಯಲ್ಲಿರುವ ವಾದ್ಯದಿಂದ ಇಂಥ ನಾದ ಹೊರಡಬಹುದೆಂದು ಅವನಿಗೆ ಯಾವ ಮೇಷ್ಟರೂ ಹೇಳಿರಲಿಲ್ಲ. ವರ್ಷಗಳ ಮೇಲೆ ಅವನು ಭಾರತಕ್ಕೆ ಬಂದು ಗೋಪಾಲನಾಥರನ್ನು ಕಂಡ. ಇಬ್ಬರೂ ಕೂಡಿ ನುಡಿಸಿದ ‘ಕಿನ್ಸ್‌ಮನ್’ ಎಂಬ ಮುದ್ರಿಕೆ 2008ರಲ್ಲಿ ಹೊರಬಂದಿತು. ನಂಟರು ಎಂಬುದು ಆ ಹೆಸರಿನ ಅರ್ಥ. ಅದರಲ್ಲಿ ಎರಡು ಸ್ಯಾಕ್ಸೊಫೋನುಗಳು, ಪಿಟೀಲು, ಗಿಟಾರು, ಮೃದಂಗ, ಜಾಝ್ ಡೋಲು ಎಲ್ಲವೂ ಇವೆ. ಜಾಝ್ ವಿಮರ್ಶಕರು ಮೆಚ್ಚಿ ಬರೆದರು. ಗೋಪಾಲನಾಥರು 2019ರಲ್ಲಿ ತೀರಿಕೊಂಡರು. ಮುದ್ರಿಕೆಯಲ್ಲಿ ಎರಡು ಸ್ಯಾಕ್ಸೊಫೋನುಗಳೂ ಒಂದರ ಹಿಂದೊಂದು ಓಡುವಾಗ, ಯಾವುದು ಕೊಲರಾಡೊದ್ದು, ಯಾವುದು ಸಜಿಪಮೂಡದ್ದು ಎಂದು ಹೇಳಲು ಮೊದಲ ಸಲ ಕೇಳುವವರು ತುಸು ತಡೆಯುತ್ತಾರೆ. ಎರಡನೆಯ ಸಲ ಗಮಕದಿಂದ ಗುರುತು ಸಿಗುತ್ತದೆ.